ಎರಡು ದಿನ ಕಳೆದು ಬರುವ ಹಬ್ಬ

ನಾನು ಓದು ನಿಲ್ಲಿಸಿದ್ದು ೨೦೧೧ರಲ್ಲಿ, ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ. ಅಪ್ಪಯ್ಯ ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೇಷ್ಟ್ರ ಮಗನೇ ಶಾಲೆ ಬಿಟ್ಟ ಎಂದು ಊರವರು ಆಡಿಕೊಂಡರು. ಅಪ್ಪಯ್ಯ ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನೊಡನೆ ಮಾತು ಬಿಟ್ಟರು, ಅಷ್ಟೆ. ನಾನು ಎದುರಿಗೇ ಕೂತಿದ್ದರೂ ಅಮ್ಮನ ಕಡೆ ತಿರುಗಿ, "ಊಟಕ್ಕೆ ಏಳ್ತಾನಾ ಕೇಳು" ಎನ್ನುತ್ತಿದ್ದರು. ಆಮೇಲೆ ನಾನು ಚೆನ್ನೈಗೆ ಬಂದೆ. ಫೋನಿನಲ್ಲೂ ಅದೇ ಪದ್ಧತಿ ಮುಂದುವರಿಯಿತು.

ಏಳು ವರ್ಷ ಹಾಗೇ ಹೋಯಿತು. ಇದು ಏಳನೇ ವರ್ಷದ ದೀಪಾವಳಿಯ ನಾಲ್ಕು ದಿನಗಳ ಕಥೆ.

ನಾನಿದ್ದದ್ದು ವಡಪಳನಿಯಲ್ಲಿ ನಮ್ಮ ಕಡೆಯವರದೇ ಒಂದು ಸಸ್ಯಾಹಾರಿ ಹೋಟೆಲಿನ ಸ್ವೀಟ್ ವಿಭಾಗದಲ್ಲಿ. ವಿಭಾಗ ಎಂದರೆ ಭಟ್ಟರು ಮತ್ತು ನಾನು. ಭಟ್ಟರಿಗೆ ಅರವತ್ತರ ಹತ್ತಿರ. ಮೈಸೂರು ಪಾಕಿಗೆ ಅವರ ಕೈ ಎಂದರೆ ಅವರದೇ ಕೈ. ಅದನ್ನು ಕಲಿಯಲು ನಾನು ಮೂರು ವರ್ಷ ಪಕ್ಕದಲ್ಲಿ ನಿಂತು ತುಪ್ಪ ಹೊಯ್ದಿದ್ದೆ. ಕಲಿತಿದ್ದೇನೆ ಎಂದು ನನಗೆ ಗೊತ್ತಿತ್ತು. ಕೆಲಸದಲ್ಲಿ ನಾನು ಯಾರಿಗೂ ಕಡಿಮೆ ಎಂದು ಅಂದುಕೊಂಡವನಲ್ಲ. ಆದರೆ ಭಟ್ಟರು ಕಡಾಯಿ ತಿರುಗಿಸುವ ಕೋಲನ್ನು ನನ್ನ ಕೈಗೆ ಕೊಟ್ಟಿರಲಿಲ್ಲ.

ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಅಪ್ಪಯ್ಯ ಒಂದ್ ಮಾತ್ ಹೇಳ್ರ್. ಈ ಸಲ ಬಲೀಂದ್ರನ್ನ ಕರೂಕೆ ಅವ್ನೇ ಬರ್ಲಿ ಅಂದ್ರ್."

"ಯಾರು ಬರ್ಲಿ ಅಂದ್ರು?"

"ನೀನೇ ಮರಾಯ. ನಿನ್ ಹೆಸ್ರ್ ಹಿಡ್ದೇ ಹೇಳ್ರ್."

ಪಾಡ್ಯದ ಸಂಜೆ ನಮ್ಮಲ್ಲಿ ಗದ್ದೆಗೆ ದೀಪ ಇಡುತ್ತಾರೆ. ದೀಪ ಇಟ್ಟವರು ಅಲ್ಲೇ ನಿಂತು ಬಲೀಂದ್ರನನ್ನು ಮೂರು ಸಲ ಕೂಗಿ ಕರೆಯಬೇಕು. ಉಳಿದವರು ಹಿಂದಿನಿಂದ "ಕೂ..." ಎಂದು ದನಿಗೂಡಿಸುತ್ತಾರೆ. ಆಚೆ ಗದ್ದೆಯಿಂದ, ಅದರಾಚೆ ಗದ್ದೆಯಿಂದ ಅದೇ ಕೂಗು ಬರುತ್ತದೆ. ನಮ್ಮ ಮನೆಯಲ್ಲಿ ಕೂಗುವುದು ಅಪ್ಪಯ್ಯ. ಅವರಿಗೂ ಮೊದಲು ಅಜ್ಜಯ್ಯ. ನಾನು ಕೂಗಲಿ ಎಂದರೆ ಅರ್ಥವೇನು ಎಂದು ಅಕ್ಕ ವಿವರಿಸಬೇಕಾಗಿರಲಿಲ್ಲ. ಅಂದೇ ಹೋಗಿ ಮಂಗಳವಾರ ಸಂಜೆಯ ಮಂಗಳೂರು ರೈಲಿಗೆ ಟಿಕೆಟ್ ಮಾಡಿಸಿದೆ. ಭಟ್ಟರದೂ ಅದೇ ರೈಲು, ಅದೇ ಬೋಗಿ.

ಒಂದು ಮಾತು ಹೇಳಬೇಕು. ಚೆನ್ನೈಯ ದೀಪಾವಳಿ ಚತುರ್ದಶಿಯ ಬೆಳಗ್ಗೆಗೇ ಮುಗಿಯುತ್ತದೆ. ಎಣ್ಣೆ ಸ್ನಾನ, ಹೊಸ ಬಟ್ಟೆ, ಪಟಾಕಿ, ತಿಂಡಿ, ಮಧ್ಯಾಹ್ನ ನಿದ್ದೆ. ನಮ್ಮ ಪಾಡ್ಯ ಬರುವುದು ಅದಾಗಿ ಎರಡು ದಿನ ಕಳೆದ ಮೇಲೆ, ಆ ಸಲ ಗುರುವಾರ. ಆದ್ದರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಇವರ ಹಬ್ಬ ಮುಗಿಸಿ ಹೊರಟರೂ ನಮ್ಮ ಹಬ್ಬಕ್ಕೆ ಒಂದು ದಿನ ಮೊದಲೇ ಮನೆಯಲ್ಲಿರುತ್ತಿದ್ದೆ.

ಸೋಮವಾರ, ಹಬ್ಬದ ಹಿಂದಿನ ದಿನ. ನಾಲ್ಕು ದಿನದಿಂದ ಬಿಡದ ಮಳೆ. ಚೆನ್ನೈಯಲ್ಲಿ ಐಪ್ಪಸಿ ತಿಂಗಳ ಮಳೆ ಹಿಡಿಯಿತೆಂದರೆ ಉಪ್ಪಿನ ಡಬ್ಬಿಯೂ ನೀರಾಗುತ್ತದೆ. ಅಡುಗೆಮನೆಯ ಹಗ್ಗದ ಮೇಲೆ ಹರವಿದ್ದ ಒಂದು ಬಟ್ಟೆಯೂ ಒಣಗಿರಲಿಲ್ಲ. ಊಟದ ವಿಭಾಗದಲ್ಲಿ ಅನ್ನ ಬಸಿಯುವವನು ರಜೆ ಹಾಕಿ ವಿಲ್ಲುಪುರಕ್ಕೆ ಹೋಗಿದ್ದ. ಧಣಿಗಳು ನನ್ನನ್ನು ಕರೆದು, "ಎರಡು ಹಂಡೆ ಬಸಿದು ಕೊಡು ಡಾ" ಎಂದರು. ಬಸಿಯುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಭಟ್ಟರ ಕೂಗು: "ಮಾಣೀ, ತುಪ್ಪ! ಓಡು!"

ಭಟ್ಟರ ಅಡುಗೆಮನೆಯಲ್ಲಿ ಒಂದು ನಿಯಮ. ಬೆಂದ ಅನ್ನ ಮುಟ್ಟಿದ ಕೈ ಮುಸುರೆ. ಆ ಕೈಗೆ ನೀರು ಮುಟ್ಟಿಸದೆ ತುಪ್ಪದ ಪಾತ್ರೆ ಮುಟ್ಟುವಂತಿಲ್ಲ. ಕೈ ಮಾತ್ರವಲ್ಲ, ಆ ಕೈಯಲ್ಲಿ ಹಿಡಿದ ಸೌಟಿಗೂ ನೀರು ತೋರಿಸಬೇಕು. ಕೆಲಸಕ್ಕೆ ಸೇರಿದ ವರ್ಷ ಇದನ್ನು ಮರೆತು ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಹಾಗಾಗಿ ಅಂದು ಮರೆಯಲಿಲ್ಲ. ನಲ್ಲಿಯ ಕೆಳಗೆ ಕೈ ತೊಳೆದೆ, ಸೌಟನ್ನೂ ನೀರಿಗೆ ಹಿಡಿದೆ, ಓಡಿದೆ. ಒರೆಸಲು ಗೂಟದ ಬಟ್ಟೆಗೆ ಕೈ ಹಾಕಿದರೆ ಅದೂ ಹಸಿ. ಸೌಟಿನ ಗುಳಿಯಲ್ಲಿ ಒಂದು ಚಮಚದಷ್ಟು ನೀರು ಉಳಿದಿತ್ತು. ಹೊಗೆಯಾಡುತ್ತಿದ್ದ ತುಪ್ಪಕ್ಕೆ ಆ ಸೌಟನ್ನೇ ಅದ್ದಿದೆ.

ತುಪ್ಪ ಸಿಡಿದದ್ದು ನನ್ನ ಮೇಲಲ್ಲ. ಪಕ್ಕದ ಕಡಾಯಿಯಲ್ಲಿ ಕೋಲಾಡಿಸುತ್ತಿದ್ದ ಭಟ್ಟರ ಬಲಗೈ ಮೇಲೆ, ಬೆರಳುಗಳಿಂದ ಮೊಣಕೈವರೆಗೆ. ಅವರು ಕಿರುಚಲಿಲ್ಲ. ಎಡಗೈಯಲ್ಲಿ ಕೋಲು ಹಿಡಿದು, "ಹಿಡಿ ಇದನ್ನ, ತಳ ಹಿಡೀತದೆ" ಎಂದರು. ಮೂರು ವರ್ಷ ಕಾದ ಕೋಲು ನನ್ನ ಕೈಗೆ ಬಂದದ್ದು ಹಾಗೆ.

ಆಸ್ಪತ್ರೆಯಿಂದ ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಬಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

"ಸೌಟು ತೊಳೆದಿದ್ದೆಯಾ?"

"ತೊಳೆದಿದ್ದೆ ಭಟ್ರೇ. ಅನ್ನ ಮುಟ್ಟಿದ್ದೆ."

"ಹಾಗಾದ್ರೆ ನಿನ್ನ ತಪ್ಪೆಂತದು? ತೊಳಿ ತೊಳಿ ಅಂತ ಬೊಬ್ಬೆ ಹೊಡೆದವ ನಾನು. ಒರೆಸು ಅಂತ ಒಂದು ದಿನವೂ ಹೇಳಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿಯ ಹಬ್ಬದ ಆರ್ಡರುಗಳು ಅಷ್ಟು ಹೊತ್ತಿಗೆ ಬಹುಪಾಲು ಮುಗಿದಿದ್ದವು. ಉಳಿದದ್ದು ಒಂದೇ. ಪೆರಂಬೂರಿನಲ್ಲಿ ರೈಲ್ವೆಯಲ್ಲಿರುವ ಕನ್ನಡದವರ ಸಣ್ಣ ಕೂಟವೊಂದಿದೆ. ಪ್ರತಿವರ್ಷ ಪಾಡ್ಯದ ಸಂಜೆ ಒಟ್ಟಾಗುತ್ತಾರೆ. ಅವರಿಗೆ ಭಟ್ಟರ ಮೈಸೂರು ಪಾಕ್ ಹನ್ನೆರಡು ಕಿಲೋ. ಭಟ್ಟರು ಅದನ್ನು ಮಂಗಳವಾರ ಮಧ್ಯಾಹ್ನ ಮಾಡಿಟ್ಟು ರೈಲು ಹತ್ತುವವರಿದ್ದರು. ಧಣಿಗಳು, "ವಿಡು, ಹೊರಗಿಂದ ತರಿಸಿ ನಮ್ಮ ಬಾಕ್ಸಲ್ಲಿ ಹಾಕಿ ಕೊಡೋಣ" ಎಂದರು. ಭಟ್ಟರು ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದರು.

"ನಾನು ಮಾಡ್ತೇನೆ" ಎಂದೆ.

"ನಿಂಗೆ ನಾಳೆ ಟ್ರೈನ್ ಅಲ್ವಾ?" ಧಣಿಗಳು ಕೇಳಿದರು.

ಮಂಗಳವಾರ ಆಗುವ ಹಾಗಿರಲಿಲ್ಲ. ಡಬ್ಬಿಯ ಕಡಲೆಹಿಟ್ಟು ಮಳೆಯ ತೇವಕ್ಕೆ ಗಂಟುಗಟ್ಟಿತ್ತು. ಹೊಸದಾಗಿ ಬೀಸಿಸಬೇಕು. ಹಬ್ಬದ ದಿನ ಗಿರಣಿ ತೆರೆಯುವುದಿಲ್ಲ. ನಾನು ಬೇಗ ಬೇಗ ಲೆಕ್ಕ ಹಾಕಿದೆ. ಬುಧವಾರ ಬೆಳಗ್ಗೆ ಹಿಟ್ಟು, ಮಧ್ಯಾಹ್ನ ಎರಡು ಕಡಾಯಿ, ಸಂಜೆ ರೈಲು. ಗುರುವಾರ ಮಧ್ಯಾಹ್ನ ಮಂಗಳೂರು, ನಾಲ್ಕೂವರೆ ಐದಕ್ಕೆ ಮನೆ. ದೀಪ ಇಡುವುದು ಕತ್ತಲಾಗುವಾಗ. ಧಣಿಗಳು ಬುಧವಾರಕ್ಕೆ ತತ್ಕಾಲ್ ಟಿಕೆಟ್ ಮಾಡಿಸಿಕೊಟ್ಟರು. ಬಾಕ್ಸುಗಳನ್ನು ಗುರುವಾರ ತಾವೇ ಕಾರಿನಲ್ಲಿ ಒಯ್ಯುತ್ತೇನೆ ಎಂದರು. ಅಕ್ಕನಿಗೆ ಫೋನ್ ಮಾಡಿ ಒಂದು ದಿನ ತಡ ಎಂದೆ. "ತಪ್ಸಬೇಡ ಮರಾಯ" ಎಂದಳು.

ಮಂಗಳವಾರ ಬೆಳಗ್ಗೆ ಅಂಗಡಿ ಹತ್ತರವರೆಗೆ ತೆರೆದಿತ್ತು, ಕೊನೇ ಗಳಿಗೆಯಲ್ಲಿ ಸ್ವೀಟ್ ಕೊಳ್ಳುವವರಿಗಾಗಿ. ಬಂದವರೆಲ್ಲ ಹೊಸ ಪಂಚೆ, ಹೊಸ ಸೀರೆ. ಬಂದವರೆಲ್ಲರದೂ ಒಂದೇ ಪ್ರಶ್ನೆ: "ಗಂಗಾಸ್ನಾನಂ ಆಚ್ಚಾ?" ಅಂದು ಬೆಳಗಿನ ಎಣ್ಣೆ ಸ್ನಾನಕ್ಕೆ ಇಲ್ಲಿ ಹಾಗೆ ಹೇಳುತ್ತಾರೆ. ಆಯಿತಾ ಎಂದು ಕೇಳುವುದೇ ಹಬ್ಬದ ಶುಭಾಶಯ. ನಾನು ಐದಕ್ಕೆ ಎದ್ದು ಮುಖಕ್ಕೆ ನೀರು ಹಾಕಿಕೊಂಡು ಕೌಂಟರಿಗೆ ಬಂದವನು. ಮೈಯಲ್ಲಿದ್ದದ್ದು ಹಿಂದಿನ ದಿನದ ತುಪ್ಪದ ಜಿಡ್ಡು. "ಆಚ್ಚು" ಎಂದೆ. ಆಯಿತು, ಆಯಿತು ಎಂದು ನಲವತ್ತು ಜನರಿಗಾದರೂ ಹೇಳಿರಬೇಕು.

ಪಾತ್ರೆ ತೊಳೆಯುವ ಅಮ್ಮ ಮಾತ್ರ ನಂಬಲಿಲ್ಲ. ತಲೆ ನೋಡಿದರು. "ಪೊಯ್ ಸೊಲ್ಲಾದೆ ತಂಬಿ. ತಲೈಲ ಒರು ಸೊಟ್ಟು ಎಣ್ಣೆ ಇಲ್ಲ" ಎಂದು ಬೈದು, ಸುಳ್ಳು ಹೇಳುವವನ ನೆತ್ತಿಗೆ ತಮ್ಮ ಮನೆಯ ಎಳ್ಳೆಣ್ಣೆ ಒತ್ತಿದರು. ಒಂದು ಗೋಲಿ ಲೇಹ್ಯವನ್ನೂ ಕೊಟ್ಟರು. ಶುಂಠಿ, ಹಿಪ್ಪಲಿ, ಬೆಲ್ಲ. ಗಂಟಲು ಉರಿಯಿತು. ಆ ಹಬ್ಬದಲ್ಲಿ ನನಗೆಂದು ಯಾರಾದರೂ ಮಾಡಿದ್ದು ಅಷ್ಟು.

ಸಂಜೆ ಭಟ್ಟರನ್ನು ಬಿಡಲು ಸೆಂಟ್ರಲ್‌ಗೆ ಹೋದೆ. ಅವರ ಚೀಲವನ್ನು ಸೀಟಿನ ಕೆಳಗೆ ಸೇರಿಸಿ, ನೀರಿನ ಬಾಟಲಿಯ ಮುಚ್ಚಳ ಸಡಿಲ ಮಾಡಿಟ್ಟೆ. ಎದುರಿನ ಬರ್ತ್ ನನ್ನದಾಗಬೇಕಿತ್ತು. ಅಲ್ಲಿ ಯಾರೋ ಚಪ್ಪಲಿ ಬಿಟ್ಟು ಕಾಲು ಚಾಚಿದ್ದರು.

ಭಟ್ಟರು ಕಿಟಕಿಯಿಂದ ಎಡಗೈ ಹೊರಗೆ ಹಾಕಿ ಪಾಠ ಶುರು ಮಾಡಿದರು. "ಪಾಕ ಒಂದೆಳೆ. ಒಂದೂವರೆ ಆಗಬಾರದು. ಹಿಟ್ಟು ಮುಷ್ಟಿ ಮುಷ್ಟಿ ಉದುರಿಸು. ತುಪ್ಪ ಹೊಯ್ಯುವಾಗ ಚೊರ್ರ್ ಅನ್ನಬೇಕು, ಅನ್ನದಿದ್ರೆ ನಿಲ್ಲಿಸು. ಕಡೆಗೆ ಹಿಟ್ಟು ತುಪ್ಪ ಕಾರ್ತದಲ್ಲ, ಆಗ ಹೆದರಿ ಇಳಿಸಬೇಡ. ಇನ್ನೂ ಹತ್ತು ಎಣಿಸು."

"ಗೊತ್ತುಂಟು ಭಟ್ರೇ."

"ನಿಂಗೆ ಎಲ್ಲ ಗೊತ್ತುಂಟು. ಅದೇ ನನ್ನ ಹೆದರಿಕೆ."

ರೈಲು ಹೊರಟಿತು. "ಸೌಟು ಒರೆಸು!" ಎಂದು ಕೂಗಿದರು. ಪ್ಲಾಟ್‌ಫಾರಮಿನಲ್ಲಿದ್ದವರು ನನ್ನನ್ನು ನೋಡಿದರು.

ಬುಧವಾರ ಗಿರಣಿಯವನು ಎಂಟಕ್ಕೆ ತೆರೆಯುತ್ತೇನೆ ಎಂದವನು ಬಂದದ್ದು ಹನ್ನೊಂದೂವರೆಗೆ. ಹಬ್ಬದ ಮರುದಿನ, ಬೀದಿ ತುಂಬ ಪಟಾಕಿಯ ಕೆಂಪು ಕಾಗದ ಮಳೆನೀರಿಗೆ ಒದ್ದೆಯಾಗಿ ಮೆತ್ತಿಕೊಂಡಿತ್ತು. ಮುಚ್ಚಿದ ಬಾಗಿಲಿನ ಮುಂದೆ ಕೊಡೆ ಹಿಡಿದು ಮೂರೂವರೆ ಗಂಟೆ ನಿಂತೆ. ಹಿಟ್ಟು ಕೈಗೆ ಬಂದು, ಎರಡು ಸಲ ಜರಡಿ ಹಿಡಿದು, ಒಲೆ ಹಚ್ಚುವಾಗ ಒಂದೂವರೆ.

ಮೊದಲ ಕಡಾಯಿ, ಆರು ಕಿಲೋ. ಸಕ್ಕರೆ ಮುಳುಗುವಷ್ಟೇ ನೀರು. ಒಂದೆಳೆ ಬಂತು. ಹಿಟ್ಟು ಉದುರಿಸಿದೆ. ಪಕ್ಕದ ಒಲೆಯಲ್ಲಿ ತುಪ್ಪ. ಸೌಟನ್ನು ಅಂಗಿಯ ತುದಿಯಿಂದ ಮೂರು ಸಲ ಒರೆಸಿದೆ. ಹೊಯ್ಯುವವನೂ ನಾನೇ, ತಿರುಗಿಸುವವನೂ ನಾನೇ. ಎಡಗೈಯಲ್ಲಿ ಸೌಟು, ಬಲಗೈಯಲ್ಲಿ ಕೋಲು. ಹಿಟ್ಟು ತುಪ್ಪ ಕುಡಿಯಿತು, ಉಬ್ಬಿತು, ಆಮೇಲೆ ಅಂಚಿನಲ್ಲಿ ಕಾರಲು ತೊಡಗಿತು. ಹತ್ತು ಎಣಿಸಿದೆ. ತಟ್ಟೆಗೆ ಸುರಿದೆ. ಗೂಡು ಗೂಡಾಗಿ ಎದ್ದು ನಿಂತಿತು. ಬೆಚ್ಚಗಿರುವಾಗಲೇ ಕತ್ತರಿಸಿದರೆ ಮೇಲೆ ಕೆಳಗೆ ಹಳದಿ, ನಡುವೆ ಬೆರಳಗಲ ಕೆಂಪು ಪಟ್ಟಿ. ತಟ್ಟೆಯೊಳಗಿನ ಬಿಸಿಯಲ್ಲೇ ನಡುಭಾಗ ಇನ್ನಷ್ಟು ಬೆಂದು ಆ ಬಣ್ಣ ಬರುತ್ತದೆ. ಇಳಿಸುವ ಹದ ಸರಿಯಾಗಿದ್ದರೆ ಮಾತ್ರ ಬರುತ್ತದೆ. ಭಟ್ಟರ ಗುರುತೇ ಅದು. ನೋಡಲು ಯಾರೂ ಇರಲಿಲ್ಲ. ಒಂದು ತುಂಡು ಮುರಿದು ಬೆಳಕಿಗೆ ಹಿಡಿದು ನಾನೇ ನೋಡಿಕೊಂಡೆ.

ಎರಡನೆಯದಕ್ಕೆ ಕೈ ಹಾಕುವಾಗ ಮೂರೂವರೆ. ಮಳೆ, ರಸ್ತೆಯಲ್ಲಿ ನೀರು. ಐದೂವರೆಗೆ ಹೊರಡದಿದ್ದರೆ ಸೆಂಟ್ರಲ್ ಸಿಗುವುದಿಲ್ಲ. ಗೋಡೆಯ ಗಡಿಯಾರ ಒಲೆಯ ಎದುರಿಗೇ ಇತ್ತು. ಹಿಟ್ಟು ತುಪ್ಪ ಕಾರಿದ್ದನ್ನು ನೋಡಿದೆ, ಗಡಿಯಾರ ನೋಡಿದೆ, ಇಳಿಸಿದೆ. ಎಣಿಸಲಿಲ್ಲ.

ಐದಕ್ಕೆ ಕತ್ತರಿಸಿದೆ. ಇಡೀ ತುಂಡು ಒಂದೇ ಬಣ್ಣ. ಗೂಡು ಅರ್ಧ ಕೂತಿತ್ತು. ಬಾಯಿಗೆ ಹಾಕಿದರೆ ರುಚಿ ಕೆಟ್ಟಿರಲಿಲ್ಲ, ಆದರೆ ಮೇಣದಂತೆ ಅಂಗುಳಿಗೆ ಅಂಟಿತು.

ಧಣಿಗಳು ಬಂದರು, ತಿಂದರು. "ಚೆನ್ನಾಗಿದೆಯಲ್ಲ ಡಾ."

"ಪಟ್ಟಿ ಬಂದಿಲ್ಲ."

"ಮೊದಲಿನದರಲ್ಲಿ ಇದನ್ನ ಬೆರೆಸಿ ಹಾಕು. ಯಾರಿಗೆ ತೆರಿಯತ್ತೆ?" ಅವರದು ಅರ್ಧ ತಮಿಳು, ಅರ್ಧ ಕನ್ನಡ. "ಬ್ಯಾಗ್ ಎಲ್ಲಿ? ಆಟೋ ಕರೀಲಾ? ಕಿಳಂಬು ಡಾ, ಹೊರಡು."

ಬ್ಯಾಗು ಬಾಗಿಲ ಹತ್ತಿರವೇ ಇತ್ತು. ಅಪ್ಪಯ್ಯನಿಗೆ ಕೊಂಡ ಬಿಳಿ ಪಂಚೆ ಅದರಲ್ಲಿತ್ತು.

ಯಾರೂ ನನ್ನನ್ನು ತಡೆಯಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಊರಿನಲ್ಲಿ ಆಮೇಲೆ, ಹೋಟೆಲಿನವರು ಬಿಡಲಿಲ್ಲವಂತೆ ಎಂದು ಸುದ್ದಿಯಾಯಿತು, ಅಮ್ಮನೂ ಹಾಗೇ ನಂಬಿದ್ದಾರೆ. ನಾನು ತಿದ್ದಲಿಲ್ಲ. ನಿಜವೆಂದರೆ, ಆ ತಟ್ಟೆ ಭಟ್ಟರ ಹೆಸರಿನಲ್ಲಿ ಹೋಗುವುದನ್ನು ನಾನು ಒಪ್ಪಲಿಲ್ಲ. ಭಟ್ಟರ ಹೆಸರು ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು. ಈಗ ಯೋಚಿಸಿದರೆ ಅದರಲ್ಲಿ ನನ್ನದೇ ಪಾಲು ಹೆಚ್ಚು. ಹತ್ತನೇ ತರಗತಿಯ ಪರೀಕ್ಷೆಯನ್ನೂ ಬರೆಯದವನು ಇದೊಂದರಲ್ಲಿ ಫೇಲಾಗಲು ತಯಾರಿರಲಿಲ್ಲ.

"ಇನ್ನೊಂದು ಕಡಾಯಿ ಇಡ್ತೇನೆ" ಎಂದೆ.

ಧಣಿಗಳು ನನ್ನ ಮುಖ ನೋಡಿದರು. "ಹುಚ್ಚಾ ನಿಂಗೆ? ಮನೇಲಿ ಅಪ್ಪ ಕಾಯ್ತಿರ್ತಾರೆ."

"ಆಗ್ತದೆ ಧಣಿ. ಬೇಗ ಆಗ್ತದೆ."

ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಉಳಿದ ಹಿಟ್ಟು ಜರಡಿ ಹಿಡಿದೆ. ಮೂರನೇ ಕಡಾಯಿ ಇಳಿಸುವ ಮೊದಲು ಗಡಿಯಾರಕ್ಕೆ ಬೆನ್ನು ಹಾಕಿ ನಿಂತು ಹತ್ತರವರೆಗೆ ಎಣಿಸಿದೆ. ಪಟ್ಟಿ ಬಂತು. ಕತ್ತರಿಸುವಾಗ ಏಳೂಕಾಲು. ಮಂಗಳೂರು ರೈಲು ಅಷ್ಟು ಹೊತ್ತಿಗೆ ಪ್ಲಾಟ್‌ಫಾರಮಿಗೆ ಬಂದು ನಿಂತಿರುತ್ತದೆ. ಇನ್ನು ಹೊರಟರೂ ಸಿಗುವುದಿಲ್ಲ. ಕೈ ತೊಳೆದು ಅಕ್ಕನಿಗೆ ಫೋನ್ ಮಾಡಿದೆ. ರೈಲು ತಪ್ಪಿತು ಎಂದೆ. ಅವಳ ಹಿಂದೆ ಅಮ್ಮ "ಎಂತ ಅಂಬ? ಎಂತ ಅಂಬ?" ಎಂದು ಕೇಳುವುದು ಕೇಳಿಸುತ್ತಿತ್ತು.

ಗುರುವಾರ ನಾನೇ ಬಾಕ್ಸುಗಳನ್ನು ಆಟೋದಲ್ಲಿ ಹಾಕಿಕೊಂಡು ಪೆರಂಬೂರಿಗೆ ಹೋದೆ. ಊರಿಗೆ ಹೋಗುವುದು ತಪ್ಪಿದ ಮೇಲೆ ಇನ್ನೇನು ಕೆಲಸ. ಚೆನ್ನೈ ಎಂದಿನಂತಾಗಿತ್ತು. ಆಫೀಸು ಬಿಟ್ಟ ಜನ, ಬಸ್ಸಿನ ನೂಕುನುಗ್ಗಲು. ಅಂದು ಹಬ್ಬ ಎಂದು ಆ ರಸ್ತೆಯಲ್ಲಿ ಯಾರಿಗೂ ತಿಳಿದಿರಲಿಕ್ಕಿಲ್ಲ. ಮಳೆ ನಿಂತಿತ್ತು.

ಬಾಡಿಗೆಯ ಹಾಲ್, ಎಪ್ಪತ್ತು ಎಂಬತ್ತು ಜನ. ಕೆಳಗಿನ ಅಡುಗೆಕೋಣೆಯಲ್ಲಿ ಬಾಕ್ಸು ಇಳಿಸಿ, ಸತ್ತುಹೋಗಿದ್ದ ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿದೆ. ಬಡಿಸುವವರೊಬ್ಬರು ಒಂದು ತುಂಡು ಮುರಿದು ನಡುವೆ ನೋಡಿ, "ಭಟ್ರ ಕೈ ಅಂದ್ರೆ ಭಟ್ರ ಕೈ. ಬೇರೆಯವರಿಗೆ ಇದು ಬರಲ್ಲ" ಎಂದರು. ನಾನು ಹೌದು ಎಂದೆ.

ಕೂಟದ ಕಾರ್ಯದರ್ಶಿ ನಿವೃತ್ತ ರೈಲ್ವೆ ನೌಕರರು, ನಮ್ಮ ಕಡೆಯವರು. ದೀಪ ನೋಡಿ ಹೋಗಿ ಎಂದು ನನ್ನನ್ನೂ ಮೇಲೆ ಕರೆದೊಯ್ದರು. ಟೆರೇಸಿನ ಮೇಲೆ ಪ್ಲಾಸ್ಟಿಕ್ ಟಬ್ಬಿಗೆ ಮಣ್ಣು ತುಂಬಿ, ಕೋಲು ನೆಟ್ಟು, ಅದರ ಮೇಲೆ ಹಣತೆ ಇಟ್ಟಿದ್ದರು. ಕೂಗಲು ಬಾಯಿ ತೆರೆದರೆ ಕೆಮ್ಮು. ಎರಡು ಸಲ ನೋಡಿ ಕೈಬಿಟ್ಟರು.

"ಯಾರು ವರ್ರಾಂಗ ತಾತಾ?" ಎಂದು ಅವರ ಮೊಮ್ಮಗಳು ಕೇಳಿದಳು. ಯಾರು ಬರ್ತಾರೆ ಎಂದು.

"ಬಲೀಂದ್ರ ಪುಟ್ಟಿ. ಕರೆದ್ರೆ ಬರ್ತಾನೆ." ನನ್ನ ಕಡೆ ತಿರುಗಿದರು. "ಹ್ವಾಯ್, ನೀವ್ ಕುಂದಾಪ್ರದ ಬದಿಯವ್ರಲ್ದಾ? ನಿಮ್ಗೆ ಬತ್ತಿತ್ತಲೆ?"

ಬರುತ್ತಿತ್ತು. ಹದಿನೈದು ದಿನದಿಂದ ಕಡಾಯಿಯ ಮುಂದೆ ಬಾಯೊಳಗೇ ಅಭ್ಯಾಸ ಮಾಡಿದ್ದೆ. ಬೇಡ ಎನ್ನಬಹುದಿತ್ತು. ಎಲ್ಲರೂ ನೋಡುತ್ತಿದ್ದರು. ನನಗೆ ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಮೂರು ಸಲ ಕೂಗಿದೆ. ದನಿ ಚೆನ್ನಾಗಿಯೇ ಬಂತು. ಹಿಂದಿನಿಂದ ಕೂಟದವರು, ಮಕ್ಕಳು "ಕೂ..." ಎಂದರು. ಕೆಲವರು ನಕ್ಕರು, ಕೆಲವರು ಫೋನಿನಲ್ಲಿ ಹಿಡಿದರು. ಮೂರನೆಯ ಕೂಗಿನ ಮೇಲೆ ಸುಮ್ಮನೆ ನಿಂತೆ. ಆಚೆಯಿಂದ ಯಾವ ಕೂಗೂ ಬರಲಿಲ್ಲ. ಲೋಕಲ್ ರೈಲೊಂದು ಹಾದುಹೋಯಿತು.

ಕೆಳಗೆ ಬಂದು ಫೋನ್ ತೆಗೆದರೆ ಎರಡು ಮಿಸ್ಡ್ ಕಾಲ್. ಅಕ್ಕನದಲ್ಲ, ಅಮ್ಮನದಲ್ಲ. ಅಪ್ಪಯ್ಯನ ನಂಬರು. ಏಳು ವರ್ಷದಲ್ಲಿ ಆ ನಂಬರಿನಿಂದ ನನಗೆ ಕರೆ ಬಂದದ್ದಿಲ್ಲ. ಆರು ಮೂವತ್ತೆಂಟಕ್ಕೊಂದು, ಆರು ನಲವತ್ತಕ್ಕೊಂದು. ನಾನು ಟೆರೇಸಿನ ಮೇಲಿದ್ದ ಹೊತ್ತು.

ತಿರುಗಿ ಮಾಡಿದೆ. ಎತ್ತಿದ್ದು ಅಕ್ಕ.

"ಎಲ್ ಹೋಯಿದ್ದೆ ತಮ್ಮಾ? ಅಪ್ಪಯ್ಯ ಗದ್ದೆಯಂಗ್ ನಿಂತ್ಕಂಡೇ ಫೋನ್ ಮಾಡ್ರ್. ಬಪ್ಪುಕಾಯ್ಲಿಲ್ಲ ಅಂದ್ರೆ ಫೋನಿನಂಗೇ ಕೂಗ್ಲಿ, ಸ್ಪೀಕರಿಗ್ ಹಾಕ್ತೆ ಅಂದ್ರ್. ಎಲ್ಲರೂ ದೀಪ ಹಿಡ್ಕಂಡ್ ಕಾದ್ರ್."

"ಈಗ ಕೊಡು ಅವರಿಗೆ."

ಫೋನ್ ಕೈ ಬದಲಾಗಲಿಲ್ಲ. ದೂರದಲ್ಲಿ ಅಪ್ಪಯ್ಯನ ದನಿ ಕೇಳಿತು, ಅಕ್ಕನಿಗೆ ಹೇಳಿದ್ದು: "ಅವನಿಗೆ ಹೇಳು. ಕೆಲಸ ಇದ್ದಿರ್ತದೆ, ಇರಲಿ."

"ಯಾರು ಕೂಗಿದ್ದು ಅಕ್ಕಾ?"

"ಭಾವ ಕೂಗ್ರ್."

ಕೂಟದವರು ಊಟಕ್ಕೆ ಕರೆದರು. ನಾನು ಖಾಲಿ ಬಾಕ್ಸುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಆಟೋ ಹತ್ತಿದೆ.

ಭಟ್ಟರು ಊರಿನಿಂದ ಮತ್ತೆ ಬರಲಿಲ್ಲ, ಸುಟ್ಟ ಕೈಯ ಬೆರಳು ಮಡಚಲು ಬರುತ್ತಿರಲಿಲ್ಲ. ಈಗ ಸ್ವೀಟ್ ವಿಭಾಗ ನನ್ನದು. ಕೈಕೆಳಗೆ ನಾಲ್ಕು ಜನ. ಕಡಾಯಿ ಐದು, ಸೌಟು ಒಂಬತ್ತು, ಸೌಟು ಒರೆಸುವ ಬಟ್ಟೆ ಎರಡು ಡಜನ್, ಮಳೆಗಾಲಕ್ಕೆಂದು ಬೇರೆ ಒಂದು ಡಜನ್. ವಡಪಳನಿಯಲ್ಲಿ ಒಂದು ಬಾಡಿಗೆ ಕೋಣೆ. ಆ ವರ್ಷದ ನಂತರ ಊರಿನಲ್ಲಿ ಕಳೆದ ದೀಪಾವಳಿ ಒಂದು. ಆ ಸಲವೂ ಕೂಗಿದ್ದು ಭಾವ. ನಾನು ಹಿಂದೆ ನಿಂತು ದನಿಗೂಡಿಸಿದೆ. ಬಿಳಿ ಪಂಚೆ ಅಪ್ಪಯ್ಯ ಉಟ್ಟಿದ್ದರು. ಅಪ್ಪಯ್ಯನ ನಂಬರಿನಿಂದ ನನಗೆ ಬಂದ ಕರೆ, ಈವರೆಗೆ ಎರಡು.